ಗಡಿಯಾರದ ಕೆಳಗಿನ ಕುರ್ಚಿ

ಅವರ ಬಲಗೈಯ ಎರಡು ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ಡಾರ್ಕ್ ರೂಮಿನ ಕಾಲದ ರಾಸಾಯನಿಕಗಳು ತಿಂದ ಚರ್ಮ ತುದಿಯಲ್ಲಿ ಒರಟಾಗಿ ಬಿರುಕು ಬಿಟ್ಟಿತ್ತು. ಆ ಎರಡು ಬೆರಳನ್ನು ಎದುರು ಕೂತವರ ಗದ್ದದ ಕೆಳಗಿಟ್ಟು, ಒಂದಿಷ್ಟು ಮೇಲೆ, ಒಂದಿಷ್ಟು ಎಡಕ್ಕೆ ತಿರುಗಿಸಿ, "ಹಾಂ, ಅಲ್ಲೇ ಇರ್ಲಿ" ಅನ್ನುತ್ತಿದ್ದರು. ಮಡಿಕೇರಿಯ ಎಷ್ಟೋ ಜನರ ಗದ್ದಕ್ಕೆ ಆ ತಣ್ಣನೆಯ ನೆನಪಿದೆ. ಮದುಮಕ್ಕಳಿಗೆ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಫೋಟೋ ಬೇಕಾದವರಿಗೆ, ಗಲ್ಫಿಗೆ ಹೊರಟವರಿಗೆ. ನನಗೂ ಇದೆ.

ಅವರು ತೀರಿಕೊಂಡ ಮೇಲೆ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಹೇಳಿದ್ದು ಒಂದೇ: ನಗದವರನ್ನೂ ನಗಿಸಿ ಫೋಟೋ ತೆಗೆಯುತ್ತಿದ್ದ ಮನುಷ್ಯ. ಒಬ್ಬರಂತೂ ನನ್ನ ಕಡೆ ಕೈ ತೋರಿಸಿ, "ಈ ಹುಡುಗಿಯ ಬಾಲ್ಯವನ್ನೆಲ್ಲ ಸ್ವಂತ ಮಗಳದ್ದು ಎನ್ನುವ ಹಾಗೆ ಹಿಡಿದಿಟ್ಟರು" ಅಂದರು. ಸಭೆ ತಲೆಯಾಡಿಸಿತು. ನನ್ನ ತಲೆ ಆಡಲಿಲ್ಲ. ಕಾಲೇಜಿನ ಚರ್ಚಾ ತಂಡದಲ್ಲಿ ನಾಲ್ಕು ವರ್ಷ ಪಳಗಿದವಳು ನಾನು. ಎಲ್ಲರೂ ಒಪ್ಪಿದ ಮಾತು ಕಿವಿಗೆ ಬಿದ್ದರೆ ಮೊದಲು ಆಧಾರ ಕೇಳುವ ಚಟವಿದೆ. ಈ ಮಾತಿನ ಮಟ್ಟಿಗೆ ಆಧಾರವೇ ನಾನು. ನಾನು ಹೇಳುವುದು ಬೇರೆ. ಊರನ್ನೆಲ್ಲ ನಗಿಸಿದ ಮನುಷ್ಯ ನನಗೊಬ್ಬಳಿಗೆ ನಗದೆ ಇರುವುದನ್ನು ಕಲಿಸಿದರು. ಪ್ರೀತಿಯಿಂದಲೇ ಕಲಿಸಿದರು ಎಂಬುದು ನಿಜ. ಪ್ರೀತಿಯಿಂದ ಮಾಡಿದ್ದೆಲ್ಲ ಒಳ್ಳೆಯದೇ ಎಂಬುದನ್ನು ಮಾತ್ರ ಇನ್ನೂ ಯಾರೂ ರುಜುವಾತು ಮಾಡಿಲ್ಲ.

ಅವರನ್ನು ನಾನು ಕರೆಯುತ್ತಿದ್ದದ್ದು ಸ್ಟುಡಿಯೋ ಮಾಮ ಎಂದು. ಸಂಪಾಜೆ ಕಡೆಯವರು, ಘಟ್ಟ ಹತ್ತಿ ಬಂದು ಮಡಿಕೇರಿಯಲ್ಲಿ ನೆಲೆ ನಿಂತವರು. ಅವರ ಕನ್ನಡದಲ್ಲಿ ಘಟ್ಟದ ಕೆಳಗಿನ 'ಮಾರಾಯ್ತಿ' ಕೊನೆಯವರೆಗೂ ಉಳಿದಿತ್ತು. ನನ್ನ ಅಪ್ಪ ಅಮ್ಮನ ಮದುವೆಯ ಫೋಟೋ ತೆಗೆದವರು ಅವರೇ. ಅಪ್ಪ ಭಾಗಮಂಡಲದ ಹತ್ತಿರದ ಅರೆಭಾಷೆಯ ಗೌಡರು, ಗದ್ದೆ, ಒಂದಿಷ್ಟು ಕಾಫಿ. ಅಮ್ಮ ಹಾಸನದಿಂದ ಬಂದು ಕುಶಾಲನಗರದ ಬಳಿ ಒಕ್ಕಲಾದವರ ಮಗಳು, ಶಾಲೆಯಲ್ಲಿ ಟೀಚರು. ಆ ಮದುವೆಯ ಆಲ್ಬಮ್ಮಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ಒಂದು ಚಿತ್ರವಿದೆ. ಬಿಗಿದುಕೊಂಡು ನಿಂತಿದ್ದ ಮದುಮಕ್ಕಳಿಗೆ ಮಾಮ ಹೇಳಿದ್ದರಂತೆ: "ಎಂತ ಮಾರಾಯ್ರೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ ನಿಂತಿದ್ದೀರಲ್ಲ! ಮದುವೆ ಇವತ್ತು. ಜಗಳಕ್ಕೆ ನಾಳೆಯಿಂದ ಬೇಕಾದಷ್ಟು ಟೈಮುಂಟು."

ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಆ ಟೈಮು ಕೋರ್ಟಿನವರೆಗೆ ಬಂತು. ನಾನು ಅಮ್ಮನ ಜೊತೆ ಇರಬೇಕು, ವಾರ ಬಿಟ್ಟು ವಾರ ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆ ಐದರವರೆಗೆ ಅಪ್ಪನ ಜೊತೆ ಎಂದು ಆದೇಶವಾಯಿತು. ಮಗುವನ್ನು ಕೊಡುವುದು, ತಗೊಳ್ಳುವುದು ಎಲ್ಲಿ? ಕುಶಾಲನಗರಕ್ಕೆ ಅಪ್ಪ ಬರುವಂತಿಲ್ಲ, ಭಾಗಮಂಡಲಕ್ಕೆ ಅಮ್ಮ ಹೋಗುವುದಿಲ್ಲ. ಇಬ್ಬರೂ ನಂಬುವ ಒಬ್ಬರ ಹೆಸರು ಹೇಳಿ ಎಂದು ಕೇಳಿದಾಗ, ಮಾತೇ ಬಿಟ್ಟಿದ್ದ ಆ ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಹೆಸರು. ಹಾಗೆ ಬಸ್ ಸ್ಟ್ಯಾಂಡಿನ ಮೇಲಿನ ರಸ್ತೆಯ ಆ ಸ್ಟುಡಿಯೋ ಕೋರ್ಟಿನ ಆದೇಶದೊಳಗೆ ಸೇರಿಕೊಂಡಿತು. "ಮದುವೆ ಫೋಟೋಕ್ಕೆ ನಾನು ಗ್ಯಾರಂಟಿ ಕೊಟ್ಟಿರಲಿಲ್ಲ. ಆದ್ರೂ ಸರ್ವಿಸ್ ಮಾಡಿ ಕೊಡಿ ಅಂತ ಬಂದ್ರು ನೋಡು" ಎಂದು ಮಾಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಫೋಟೋ ಶುರುವಾದದ್ದು ಮೊದಲ ತಿಂಗಳಲ್ಲೇ. ಒಂಬತ್ತಕ್ಕೆ ಬಿಡಬೇಕಾದವರು ಹತ್ತೂವರೆಗೆ ಬಿಟ್ಟರು ಎಂದು ಅಪ್ಪನ ದೂರು. ಐದಕ್ಕೆ ತರಬೇಕಾದವರು ಆರೂವರೆಗೆ ತಂದರು ಎಂದು ಅಮ್ಮನ ದೂರು. ಅವರ ಫೋನಿನ ಚಿತ್ರ ಇವರು ನಂಬುವುದಿಲ್ಲ, ಇವರದ್ದು ಅವರು ನಂಬುವುದಿಲ್ಲ. ಕೊನೆಗೆ ಎರಡೂ ಕಡೆಯ ವಕೀಲರು ಸೇರಿ ಒಂದು ದಾರಿ ಕಂಡುಹಿಡಿದರು. ಪ್ರತಿ ಸಲ ಮಗು ಸ್ಟುಡಿಯೋಕ್ಕೆ ಬಂದ ಕೂಡಲೇ ಗೋಡೆ ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂರಿಸಿ ಮಾಮ ಒಂದು ಫೋಟೋ ತೆಗೆಯಬೇಕು. ಮಗುವೂ ಗಡಿಯಾರವೂ ಒಂದೇ ಚೌಕಟ್ಟಿನೊಳಗೆ ಬರಬೇಕು. ಅದು ಇಬ್ಬರ ಫೋನಿಗೂ ಹೋಗಬೇಕು.

ಎರಡನೆಯದೋ ಮೂರನೆಯದೋ ಫೋಟೋದಲ್ಲಿ ನಾನು ಅಳುತ್ತಿದ್ದೆ. ಕಾರಣ ಇಷ್ಟೆ: ಬಸ್ಸಿನಲ್ಲಿ ವಾಂತಿಯಾಗಿ ಹೊಸ ಫ್ರಾಕು ಹಾಳಾಗಿತ್ತು. ಮುಂದಿನ ವಾಯಿದೆಗೆ ಆ ಚಿತ್ರ ದೊಡ್ಡದಾಗಿ ಪ್ರಿಂಟಾಗಿ ಬಂತು. ತಂದೆಯ ಬಳಿ ಹೋಗಲು ಮಗು ಹೆದರುತ್ತಿದೆ ಎಂಬುದಕ್ಕೆ ಅದು ಪುರಾವೆ. ಅದಕ್ಕೆ ಉತ್ತರವಾಗಿ ಅಪ್ಪನ ಕಡೆಯವರು ನಾನು ಹಲ್ಲು ಬಿಟ್ಟು ನಗುತ್ತಿದ್ದ ಭಾನುವಾರದ ಒಂದು ಚಿತ್ರ ಇಟ್ಟರು. ತಂದೆಯ ಮನೆಯಲ್ಲಿ ಮಗು ಸಂತೋಷವಾಗಿದೆ ಎಂಬುದಕ್ಕೆ. ಅದಕ್ಕೆ ಅಮ್ಮನ ವಕೀಲರು, ಅಲ್ಲ, ತಾಯಿಯ ಬಳಿ ವಾಪಸಾಗುವ ಸಂತೋಷ ಅದು ಎಂದರು. ಚರ್ಚಾಸ್ಪರ್ಧೆಗಳಲ್ಲಿ ನಾನು ಆಮೇಲೆ ಎಷ್ಟೋ ಜಾಣ ವಾದಗಳನ್ನು ಕೇಳಿದ್ದೇನೆ. ಒಂದೇ ನಗುವನ್ನು ಎರಡು ಕಡೆಯಿಂದ ಎಳೆದದ್ದನ್ನು ಮೀರಿಸುವಂಥದ್ದು ಸಿಕ್ಕಿಲ್ಲ. ಆ ವಾರ ಅಮ್ಮ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. "ಅಷ್ಟೊಂದು ಖುಷಿನಾ ನಿಂಗೆ ಅಲ್ಲಿ?" ಎಂದು ತಲೆ ಬಾಚುವಾಗ ಒಮ್ಮೆ ಕೇಳಿದಳು. ಅಷ್ಟೆ.

ಅದಾದ ಮೇಲಿನ ಶನಿವಾರ ಮಾಮ ಕ್ಯಾಮರಾದ ಹಿಂದಿನಿಂದ ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗದ್ದದ ಕೆಳಗೆ ಆ ತಣ್ಣನೆಯ ಬೆರಳು.

"ಮಗಾ, ಪಾಸ್‌ಪೋರ್ಟ್ ಫೋಟೋ ನೋಡಿದ್ದೀಯಲ್ಲ? ಅದರಲ್ಲಿ ಯಾರಾದ್ರೂ ನಗ್ತಾರಾ?"

"ಇಲ್ಲ."

"ಅಳ್ತಾರಾ?"

"ಇಲ್ಲ."

"ಯಾಕೆ ಹೇಳು? ಯಾವ ದೇಶಕ್ಕೆ ಹೋದ್ರೂ ಆ ಮುಖ ನೋಡಿ ಯಾರೂ ತಗಾದೆ ತೆಗೀಬಾರ್ದು, ಅದಕ್ಕೆ. ಇಲ್ಲಿ ಬಂದು ಕೂತ್ರೆ ನೀನೂ ಪಾಸ್‌ಪೋರ್ಟ್ ಮುಖ ಮಾಡು. ಹುಬ್ಬು ಸಡಿಲ ಬಿಡು. ಬಾಯಿ ಮುಚ್ಚು, ಆದ್ರೆ ಹಲ್ಲು ಕಚ್ಚಬೇಡ. ಕಣ್ಣು ನನ್ನ ಕಿವಿ ಮೇಲಿರ್ಲಿ. ಮನಸ್ಸಲ್ಲಿ ಮಗ್ಗಿ ಹೇಳು."

ಏಳರ ಮಗ್ಗಿ ಹೇಳಿಕೊಂಡೆ. ಕ್ಲಿಕ್. ಮಾಮ ಚಿತ್ರ ನೋಡಿ, ನನಗೂ ತೋರಿಸಿ, "ಹಾಂ. ಈಗ ಯಾವ ವಕೀಲ ಬಂದು ಎಂತ ಓದ್ತಾನೆ ನೋಡುವ" ಅಂದರು. ಯಾರೂ ಏನೂ ಓದಲಿಲ್ಲ. ಆಮೇಲಿನ ವರ್ಷಗಳಲ್ಲಿ ನನ್ನ ಯಾವ ಫೋಟೋವೂ ಕೋರ್ಟಿಗೆ ಹೋಗಲಿಲ್ಲ. ಎರಡು ಫೋನುಗಳಿಗೆ ಹೋಗಿ, ಅಲ್ಲೇ ಇದ್ದವು.

ಮಾಮನೂ ಸಿಕ್ಕಿಬಿದ್ದಿದ್ದರು ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಲ್ಲರ ಜೇಬಿಗೂ ಕ್ಯಾಮರಾ ಬಂದ ಮೇಲೆ ಸ್ಟುಡಿಯೋದಲ್ಲಿ ಉಳಿದದ್ದು ಲ್ಯಾಮಿನೇಷನ್ನು, ಜೆರಾಕ್ಸು. ಬಣ್ಣ ಬಳಿದ ಜಲಪಾತದ ಪರದೆ ಮಡಚಿ ಅಟ್ಟ ಸೇರಿತ್ತು. ಬಾಗಿಲು ಮುಚ್ಚಿ ಸಂಪಾಜೆಯ ತಮ್ಮನ ತೋಟಕ್ಕೆ ಹೋಗಿ ಇರಬೇಕೆಂದು ಅವರಿಗೂ ಅವರ ಹೆಂಡತಿ, ನಮ್ಮ ಆಂಟಿಗೂ ಆಸೆ. ಆದರೆ ಆದೇಶದಲ್ಲಿ ಅಂಗಡಿಯ ವಿಳಾಸವಿತ್ತು. ಜಾಗ ಬದಲಾಯಿಸಬೇಕಾದರೆ ಅಪ್ಪ ಅಮ್ಮ ಇಬ್ಬರೂ ಒಪ್ಪಬೇಕು. ಇಬ್ಬರೂ ಒಪ್ಪುವ ಇನ್ನೊಂದು ಹೆಸರು ಹುಟ್ಟಲಿಲ್ಲ. "ಆರ್ಡರಿನಲ್ಲಿ ನಿನ್ನ ಹೆಸರುಂಟು, ನನ್ನ ಅಂಗಡಿ ಹೆಸರುಂಟು. ಇಬ್ಬರೂ ಒಂದೇ ಜೈಲು ಮಾರಾಯ್ತಿ" ಎನ್ನುತ್ತಿದ್ದರು. ಶಟರಿನ ಕೀಲಿಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ, "ವ್ಯತ್ಯಾಸ ಇಷ್ಟೇ. ಕೀ ನನ್ನ ಹತ್ತಿರ ಉಂಟು, ಆದ್ರೂ ಹೋಗ್ಲಿಕ್ಕೆ ಆಗುದಿಲ್ಲ."

ಅವರು ಯಾರ ಪರವನ್ನೂ ವಹಿಸಲಿಲ್ಲ ಎಂದು ಸಭೆಯಲ್ಲಿ ಹೊಗಳಿದರು. ಸರಿ, ಆ ಹುತ್ತರಿಯ ಭಾನುವಾರದ ಬಗ್ಗೆ ಹೇಳುತ್ತೇನೆ.

ಆದೇಶದಲ್ಲಿ ಹಬ್ಬಗಳ ಹಂಚಿಕೆ ಇತ್ತು. ಯುಗಾದಿ ಅಮ್ಮನಿಗೆ, ದೀಪಾವಳಿ ಅಪ್ಪನಿಗೆ, ಗೌರಿ ಗಣೇಶ ಅಮ್ಮನಿಗೆ, ದಸರೆ ರಜೆ ಅರ್ಧರ್ಧ. ಹುತ್ತರಿ ಇರಲಿಲ್ಲ. ಹೊಸ ಭತ್ತದ ಕದಿರು ಕೊಯ್ದು ಮನೆ ತುಂಬಿಸಿಕೊಳ್ಳುವ ಹಬ್ಬ. ಅಪ್ಪನ ಊರಿನಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ. ಅದು ಬಿಟ್ಟುಹೋಗಲು ಯಾರ ದುರುದ್ದೇಶವೂ ಬೇಕಾಗಲಿಲ್ಲ. ವಕೀಲರ ಗುಮಾಸ್ತರು ಮೈಸೂರಿನ ಯಾವುದೋ ಹಳೆಯ ಆದೇಶ ನೋಡಿ ಹಬ್ಬಗಳನ್ನು ಟೈಪು ಮಾಡಿದ್ದರು. ಹುತ್ತರಿಯ ದಿನವನ್ನೂ ಹೊತ್ತನ್ನೂ ದೇವಸ್ಥಾನದಲ್ಲಿ ಕೂತು ನಿಶ್ಚಯ ಮಾಡಿ ತಿಳಿಸುವುದು ಹಬ್ಬ ಹತ್ತಿರ ಬಂದ ಮೇಲೆ. ಅಷ್ಟು ಮುಂಚೆ ಅದು ಯಾರ ಮೇಜಿನ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಓದಿ ಸಹಿ ಹಾಕಿದವರೆಲ್ಲ ಕೊಡಗಿನವರೇ. ಒಬ್ಬರಿಗೂ ನೆನಪಾಗಲಿಲ್ಲ.

ನಾನು ಏಳನೆಯ ಕ್ಲಾಸಿನಲ್ಲಿದ್ದ ವರ್ಷ ಹುತ್ತರಿ ಬಿದ್ದದ್ದು ಅಪ್ಪನ ಸರದಿಯ ಭಾನುವಾರ. ಕದಿರು ಕೊಯ್ಯುವ ಹೊತ್ತು ಕತ್ತಲಾದ ಮೇಲೆ. ನಾನು ಸ್ಟುಡಿಯೋಕ್ಕೆ ಮರಳಬೇಕಾದ್ದು ಸಂಜೆ ಐದಕ್ಕೆ. ಅಜ್ಜಿ ಬೆಳಿಗ್ಗೆಯಿಂದ ತಂಬಿಟ್ಟಿಗೆ ಅಕ್ಕಿ ಹುರಿದು ಪುಡಿ ಮಾಡಿಸುತ್ತಿದ್ದಳು. ಐದು ಬಗೆಯ ಎಲೆ ಸೇರಿಸಿ ನೆರೆ ಕಟ್ಟುವ ಕೆಲಸ ನನ್ನದಾಗಿತ್ತು. ಕದಿರು ಬಂದ ಮೇಲೆ ಅದನ್ನು ಬಾಗಿಲಿಗೆ, ಮನೆಯ ಒಂದೊಂದು ಸಾಮಾನಿಗೆ ಕಟ್ಟುತ್ತಾರೆ. ನಾನು ಕಟ್ಟಿದ ಎಲೆಕಟ್ಟು ಕೈಯಲ್ಲಿ ಇರುವಾಗಲೇ ಅಪ್ಪ, "ಬಾ ಗೂಡೆ, ಹೊತ್ತಾತ್" ಎಂದು, ಅರೆಭಾಷೆಯಲ್ಲಿ ಹುಡುಗಿಯನ್ನು ಕರೆಯುವ ಹಾಗೆ ಕರೆದು, ಜೀಪು ಹತ್ತಿಸಿದರು. ದಾರಿಯುದ್ದಕ್ಕೂ ಎದುರಿನಿಂದ ಬರುತ್ತಿದ್ದ ಜೀಪು, ಬಸ್ಸು ಎಲ್ಲವೂ ಹಬ್ಬಕ್ಕೆ ಊರಿಗೆ ಹೋಗುವವರದ್ದು. ನಾವಿಬ್ಬರೇ ಉಲ್ಟಾ ದಿಕ್ಕಿಗೆ.

ಸ್ಟುಡಿಯೋದಲ್ಲಿ ಅಮ್ಮ ಆಗಲೇ ಬಂದು ನಿಂತಿದ್ದಳು. ಸಾಮಾನ್ಯವಾಗಿ ಅಪ್ಪ ಕೆಳಗೇ ನಿಲ್ಲುವುದು. ಅವತ್ತು ಮೆಟ್ಟಿಲು ಹತ್ತಿ ಒಳಗೆ ಬಂದರು.

"ಇವತ್ತು ಹುತ್ತರಿ. ಒಂದು ರಾತ್ರಿ ಬಿಡು. ನಾಳೆ ಬೆಳಿಗ್ಗೆ ನಾನೇ ಕುಶಾಲನಗರಕ್ಕೆ ತಂದು ಬಿಡ್ತೇನೆ."

"ಆರ್ಡರಲ್ಲಿ ಹುತ್ತರಿ ಇಲ್ಲ."

"ಬರೆದವರಿಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ವಾ?"

"ಗೊತ್ತು. ನಮ್ಮಪ್ಪನ ಆಪರೇಷನ್ ದಿನ ಒಂದ್ ಗಂಟೆ ಮೊದಲು ಕಳ್ಸಿ ಅಂತ ಕೇಳ್ದಾಗ ಆರ್ಡರ್ ಓದಿ ಹೇಳಿದ್ದು ಯಾರು?"

ಅಪ್ಪ ಮಾಮನ ಕಡೆ ತಿರುಗಿದರು. "ನೀವಾದ್ರೂ ಒಂದು ಮಾತು ಹೇಳಿ."

ಅಮ್ಮನೂ ತಿರುಗಿದಳು. ನಾನೂ ನೋಡಿದೆ. ನನಗೆ ಅವತ್ತು ಬೇಕಾಗಿದ್ದದ್ದು ಹುತ್ತರಿಯೇ, ಇಂಥವರ ಮನೆ ಎಂದಲ್ಲ. ಯಾರಾದರೂ ಒಬ್ಬರು ನನ್ನನ್ನು ಕೇಳಿದ್ದರೆ ಅಷ್ಟನ್ನು ಹೇಳಲು ಬಾಯಲ್ಲಿ ಮಾತು ಸಿದ್ಧವಿತ್ತು. ಮಾಮ ಮೂವರನ್ನೂ ನೋಡಲಿಲ್ಲ. ಗಡಿಯಾರ ನೋಡಿದರು.

"ಐದಾಯ್ತು. ಬಾ ಮಗಾ, ಕೂತ್ಕೋ."

ಕೂತೆ. ನನ್ನ ಕೈಯಿಂದ ಎಲೆಕಟ್ಟನ್ನು ಮೆಲ್ಲಗೆ ತೆಗೆದು ಕೌಂಟರಿನ ಮೇಲಿಟ್ಟರು. "ಕೈಯಲ್ಲಿ ಎಂತದೂ ಬೇಡ." ಗದ್ದಕ್ಕೆ ಬೆರಳು. ಏಳರ ಮಗ್ಗಿ. ಕ್ಲಿಕ್. ಅಪ್ಪ ಇಳಿದುಹೋದ ಸದ್ದು ಕೇಳಿಸಿತು. ನಮ್ಮ ಬಸ್ಸಿಗೆ ಹೊತ್ತಿದ್ದುದರಿಂದ ಅಮ್ಮ ನೀರಿನ ಬಾಟಲಿ ತರಲು ಕೆಳಗೆ ಹೋದಳು. ನಾನು ಮಾಮನನ್ನು ಕೇಳಿದೆ: "ನೀವು ಯಾಕೆ ಏನೂ ಹೇಳಲಿಲ್ಲ?"

"ನಾನು ಕ್ಯಾಮರಾ ಅಷ್ಟೆ ಮಾರಾಯ್ತಿ. ಕ್ಯಾಮರಾಕ್ಕೆ ಬಾಯಿ ಉಂಟಾ?"

"ಕ್ಯಾಮರಾ ಎಲ್ಲಿಡ್ಬೇಕು ಅಂತ ತೀರ್ಮಾನ ಮಾಡೋದು ಮನುಷ್ಯನೇ ತಾನೆ?"

ಅವರು ಲೆನ್ಸಿನ ಮುಚ್ಚಳ ಹಾಕಿದರು. "ನೀನು ದೊಡ್ಡವಳಾದ್ರೆ ವಕೀಲಿ ಮಾಡು" ಅಂದರು. ಅದು ಉತ್ತರವಾಗಿರಲಿಲ್ಲ. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು.

ಎರಡು ವಾರ ಬಿಟ್ಟು ಹೋದಾಗ ನನ್ನ ಎಲೆಕಟ್ಟು ಕೌಂಟರಿನ ಮೇಲಿರಲಿಲ್ಲ. ಕ್ಯಾಮರಾ ಸ್ಟ್ಯಾಂಡಿನ ಒಂದು ಕಾಲಿಗೆ ನಾರಿನಿಂದ ಕಟ್ಟಿತ್ತು, ಮನೆಗಳಲ್ಲಿ ನೊಗಕ್ಕೆ, ಕಣಜಕ್ಕೆ ಕಟ್ಟುವ ಹಾಗೆ. ಎಲೆ ಒಣಗಿ ಸುರುಟಿತ್ತು. ಆಮೇಲೆ ಎಷ್ಟೋ ವರ್ಷ ಆ ಕಪ್ಪಾದ ಕಟ್ಟನ್ನು ಬಿಚ್ಚದೆ ಅದರ ಪಕ್ಕದಲ್ಲೇ ನಿಂತು ನನ್ನ ಫೋಟೋ ತೆಗೆದರು. ಇದನ್ನು ಅವರ ಪರವಾಗಿ ಎಷ್ಟರಮಟ್ಟಿಗೆ ಲೆಕ್ಕಕ್ಕೆ ತಗೊಳ್ಳಬೇಕು ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಬಾಯಿಬಿಟ್ಟು ಹೇಳಬೇಕಾದ ಕಡೆ ಹೇಳದವರು ಆಮೇಲೆ ಎಲೆ ಕಟ್ಟಿದರೆ, ಅದು ಪಕ್ಷ ವಹಿಸಿದ್ದೋ, ಪಕ್ಷ ವಹಿಸದ್ದಕ್ಕೆ ಸಮಾಧಾನ ಮಾಡಿಕೊಂಡದ್ದೋ?

ಮುಂದಿನ ವರ್ಷ ಅಪ್ಪ ಆದೇಶ ಬದಲಿಸಲು ಅರ್ಜಿ ಹಾಕಿದರು. ಅಮ್ಮ ಎದುರು ಅರ್ಜಿ ಹಾಕಿದಳು. ಈ ಸಲ ನ್ಯಾಯಾಧೀಶರು ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿದರು. ಅದಕ್ಕಾಗಿ ನಾನು ಒಂದು ತಿಂಗಳು ತಯಾರಿ ಮಾಡಿಕೊಂಡಿದ್ದೆ. ಶಾಲೆಯ ಚರ್ಚಾಸ್ಪರ್ಧೆಗೆ ಅಭ್ಯಾಸ ಮಾಡುವ ಹಾಗೆ ಕನ್ನಡಿ ಮುಂದೆ ನಿಂತು ಹೇಳಿಕೊಂಡಿದ್ದೆ. ಯಾವ ಮನೆ ಎಂದು ಆರಿಸಲು ನನ್ನನ್ನು ಕೇಳಬೇಡಿ. ಯಾವ ಶನಿವಾರ, ಯಾವ ಹಬ್ಬ ಎಂದು ಹೇಳಲು ಮಾತ್ರ ಬಿಡಿ. ಹಬ್ಬದ ದಿನ, ಸ್ಪರ್ಧೆಯ ದಿನ, ಜ್ವರ ಬಂದ ದಿನ ಆ ಕುರ್ಚಿಯಲ್ಲಿ ಕೂರಿಸಬೇಡಿ. ಅಷ್ಟೇ ನನ್ನ ಬೇಡಿಕೆ.

ಕೋಣೆಯೊಳಗೆ ಹೋದೆ. ನ್ಯಾಯಾಧೀಶರು ಒಳ್ಳೆಯವರು, ಬಿಸ್ಕತ್ತು ಕೊಟ್ಟರು. ಅವರ ಹಿಂದಿನ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. "ಹೇಳಮ್ಮ, ನಿನಗೆ ಏನಾದರೂ ತೊಂದರೆ ಇದೆಯಾ?" ಅಂದರು. ನನ್ನ ಹುಬ್ಬು ತಾನಾಗಿ ಸಡಿಲವಾಯಿತು. ಬಾಯಿ ಮುಚ್ಚಿತು, ಹಲ್ಲು ಕಚ್ಚದೆ. ಕಣ್ಣು ಅವರ ಕಿವಿಯ ಮೇಲೆ ಹೋಗಿ ನಿಂತಿತು. ಒಳಗೆ ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು ಶುರುವಾಯಿತು. "ಇಲ್ಲ ಸರ್" ಎಂದೆ. ಮತ್ತೆ ಕೇಳಿದರು. ಮತ್ತೆ "ಇಲ್ಲ ಸರ್." ಮಗು ಶಾಂತವಾಗಿದ್ದು ಈಗಿನ ವ್ಯವಸ್ಥೆಗೆ ಚೆನ್ನಾಗಿ ಹೊಂದಿಕೊಂಡಿರುವುದು ಕಂಡುಬರುತ್ತದೆ, ಬದಲಾವಣೆಗೆ ಕಾರಣವಿಲ್ಲ ಎಂದು ಆದೇಶವಾಯಿತು. ನನಗೆ ಹದಿನೆಂಟು ತುಂಬುವವರೆಗೆ ಅದೇ ಶನಿವಾರ, ಅದೇ ಮೆಟ್ಟಿಲು, ಅದೇ ಕುರ್ಚಿ.

ಸ್ಟುಡಿಯೋಕ್ಕೆ ಹೋಗಿ ಮಾಮನ ಮೇಲೆ ಎಲ್ಲ ಸಿಟ್ಟನ್ನೂ ಕಾರಿದೆ. "ನೀವು ಕಲಿಸಿದ ಮುಖ! ಹೇಳಬೇಕಾದ ಒಂದೇ ದಿನ ಅದು ಅಡ್ಡ ಬಂತು."

ಅವರು ಬಿಸಿಯಾಗುತ್ತಿದ್ದ ಲ್ಯಾಮಿನೇಷನ್ ಯಂತ್ರದ ಸ್ವಿಚ್ಚು ಆರಿಸಿದರು. "ನಕ್ಕರೆ ಒಬ್ಬರು ಹಿಡ್ಕೊಂಡು ಎಳೀತಿದ್ರು, ಅತ್ತರೆ ಇನ್ನೊಬ್ಬರು. ಯಾರಿಗೂ ಹಿಡೀಲಿಕ್ಕೆ ಎಂತದೂ ಸಿಗದ ಹಾಗೆ ಮಾಡಿದೆ, ಅಷ್ಟೆ."

"ಈಗ ನನಗೇ ಸಿಗೋದಿಲ್ಲ" ಎಂದೆ.

ಅದಕ್ಕೆ ಅವರು ಮಾರಾಯ್ತಿ ಎನ್ನಲಿಲ್ಲ. ತಮಾಷೆ ಮಾಡಲಿಲ್ಲ. "ಒಂದು ಫೋಟೋ ತೆಗೀಬೇಕಲ್ಲ ಮಗಾ" ಎಂದು ಬಹಳ ಮೆಲ್ಲಗೆ ಹೇಳಿ ಕ್ಯಾಮರಾದ ಹಿಂದೆ ಹೋದರು.

ಹದಿನೆಂಟು ತುಂಬಿದ ವಾರ ಯಾರೂ ಕರೆತರದೆ ನಾನೇ ಹೋದೆ. ಮಾಮ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಅಟ್ಟದಿಂದ ಜಲಪಾತದ ಪರದೆಯನ್ನು ತಂದು ಕಟ್ಟಿದ್ದರು. ಮಡಿಕೆಯ ಗೆರೆಗಳಲ್ಲಿ ನೀರು ತುಂಡು ತುಂಡಾಗಿ ಬೀಳುತ್ತಿತ್ತು. "ಇವತ್ತಿನದ್ದು ಯಾರ ಫೋನಿಗೂ ಹೋಗುದಿಲ್ಲ. ನಗು" ಅಂದರು. ಮೀನಿನ ಮುಳ್ಳಿನ ಜೋಕು ಹೇಳಿದರು. ಆಂಟಿಯ ಹಾಗೆ ಮುಖ ಮಾಡಿ ತೋರಿಸಿದರು. ತಮಾಷೆಯಾಗಿಯೇ ಇತ್ತು. ನನಗೆ ನಗು ಬಂತು ಎಂದೇ ನಾನು ತಿಳಿದಿದ್ದೆ. ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ತೋರಿಸಿದಾಗ ನೋಡಿದರೆ ಅದೇ ಪಾಸ್‌ಪೋರ್ಟು. ಅವರು ಅದನ್ನು ಅಳಿಸಿ ಇನ್ನೊಂದು ತೆಗೆದರು. ಅದನ್ನೂ ಅಳಿಸಿದರು. "ಬೆಳಕು ಸರಿ ಇಲ್ಲ" ಅಂದರು. ಬೆಳಕು ಸರಿಯಾಗಿತ್ತು.

ಆ ತಿಂಗಳ ಕೊನೆಗೆ ಶಟರು ಎಳೆದು ಸಂಪಾಜೆಗೆ ಹೋದರು. ಎರಡು ಮಳೆಗಾಲ ಮಾತ್ರ ಅಲ್ಲಿದ್ದರು.

ಅವರಿಂದ ನನಗೆ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ. ವೇದಿಕೆಯ ಮೇಲೆ ಎದುರಾಳಿಗೆ ನನ್ನ ಮುಖದಿಂದ ಏನೂ ತಿಳಿಯುವುದಿಲ್ಲ; ಅದರಿಂದಲೇ ಎಷ್ಟೋ ಸಲ ಗೆದ್ದಿದ್ದೇನೆ. ಆ ಮಟ್ಟಿಗೆ ನಾನು ಅವರಿಗೆ ಋಣಿ. ಆದರೆ ಆ ಮುಖದ ಕೋಟೆಯೊಳಗೆ ನನ್ನನ್ನು ಬಿಟ್ಟವರೇ ಹೊರಗೆ ಬರುವ ದಾರಿಯನ್ನೂ ತೋರಿಸಿ ಹೋಗಬೇಕಿತ್ತು. ತೋರಿಸಲು ನೋಡಿದರು, ಅವರಿಗೂ ಗೊತ್ತಿರಲಿಲ್ಲ ಎಂದು ಆ ಜಲಪಾತದ ಮುಂದೆ ನನಗೆ ಅರ್ಥವಾಗಿತ್ತು. ಹಾಗಾಗಿ ಅವರ ಮೇಲಿನ ನನ್ನ ದಾವೆಯನ್ನು ನಾನು ಮುಂದುವರಿಸುತ್ತಿಲ್ಲ.

ಸಂತಾಪ ಸಭೆ ಮುಗಿದ ಮೇಲೆ ಊಟವಿತ್ತು. ಅಪ್ಪ, ಅಮ್ಮ ಇಬ್ಬರೂ ಬಂದಿದ್ದರು. ನನಗೆ ಬುದ್ಧಿ ಬಂದ ಮೇಲೆ ಅವರಿಬ್ಬರೂ ಜಗಳವಿಲ್ಲದೆ ಒಂದೇ ಸೂರಿನ ಕೆಳಗೆ ಕೂತದ್ದು ಅವತ್ತೇ ಮೊದಲು. ಎದುರುಬದುರು ಸಾಲು. ನಾನು ಅಮ್ಮನ ಪಕ್ಕ. ಗೋಡೆಗೆ ಮಾಮ ತೆಗೆದ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ಹಾಕಿದ್ದರು. ಅವುಗಳ ನಡುವೆ ಮೀನಿನ ಮುಳ್ಳಿಗೆ ನಗುತ್ತಿರುವ ಆ ಮದುಮಕ್ಕಳೂ ಇದ್ದರು. ಇಬ್ಬರೂ ಅದನ್ನು ನೋಡಿದರು, ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ. ಬಳಿಕ ಅಮ್ಮ ಫೋನು ತೆಗೆದು ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಕುರ್ಚಿ, ನಾನು, ಗಡಿಯಾರ. ಕುರ್ಚಿ, ನಾನು, ಗಡಿಯಾರ.

"ಎಲ್ಲಾ ಇಟ್ಕೊಂಡಿದೀನಿ ನೋಡು" ಅಂದಳು. "ಎಷ್ಟು ಸಮಾಧಾನದ ಮಗು ನೀನು. ಒಂದು ದಿನ ತೊಂದರೆ ಕೊಟ್ಟೋಳಲ್ಲ."

ಎದುರಿನ ಸಾಲಿನಿಂದ ಅಪ್ಪ, ಯಾರಿಗೆ ಎಂದಿಲ್ಲದೆ, "ನನ್ನ ಹತ್ರನೂ ಉಂಟು, ಒಂದೂ ಅಳಿಸಿಲ್ಲ" ಎಂದರು.

ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಪ್ಪಿದ ಮಾತು ಅದು. ನಾನು ಫೋನನ್ನು ಅಮ್ಮನ ಕೈಯಿಂದ ತಗೊಂಡು, ಹುತ್ತರಿಯ ಭಾನುವಾರದ ಚಿತ್ರದವರೆಗೆ ಸರಿಸಿ, ಇಬ್ಬರಿಗೂ ಕಾಣುವ ಹಾಗೆ ಊಟದ ಎಲೆಯ ಪಕ್ಕದಲ್ಲಿ ಇಟ್ಟೆ.

"ಈ ಫೋಟೋ ಬಂದ ಕೂಡಲೇ ತೆಗೆದು ನೋಡ್ತಿದ್ರಿ ತಾನೆ, ನೀವಿಬ್ಬರೂ?" ಎಂದು ಕೇಳಿದೆ. "ಮೊದಲು ನೋಡ್ತಿದ್ದದ್ದು ನನ್ನ ಮುಖವೋ, ಗಡಿಯಾರವೋ?"